ಪುಸ್ತಕದ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡಿದ್ದೇನೆ, ಅಳಿಸುವುದು ಹೇಗೆ?

7.14ರ ಲೋಕಲ್ (ಡೊಂಬಿವಲಿ), ಭಾನುವಾರ ರಾತ್ರಿ 11.40

ಎಲ್ಲರಿಗೂ ನಮಸ್ಕಾರ. ಮುಂಬೈಯ ಮಾಟುಂಗಾದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ, ಜೊತೆಗೆ ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆನ್ಸಿಯ ಮಧ್ಯದ ಹಂತ). ಮೇ ತಿಂಗಳಲ್ಲಿ ಮೊದಲ ಗ್ರೂಪ್ ಪಾಸಾಯಿತು, ಎರಡನೆಯದು ಹೋಯಿತು. ಸೆಪ್ಟೆಂಬರಿಗೆ ಫಾರ್ಮ್ ತುಂಬಿ, ಹಣ ಕಟ್ಟಿ, ಹಾಲ್ ಟಿಕೆಟ್ ಕೂಡ ಮುದ್ರಿಸಿಕೊಂಡೆ. ಪರೀಕ್ಷೆಗೆ ಮಾತ್ರ ಹೋಗಲಿಲ್ಲ. ಅಪ್ಪನಿಗೆ ‘ಓದಿ ಮುಗಿದಿಲ್ಲ’ ಎಂದೆ. ಅವರು ಒಂದು ಮಾತೂ ಆಡದೆ ಕ್ಯಾಂಟೀನಿಗೆ ಹೊರಟುಹೋದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ಜನವರಿಯ ಸರದಿ. ಎರಡು ತಿಂಗಳೂ ಉಳಿದಿಲ್ಲ.

ದಿನ ಹೀಗಿದೆ: ಐದೂವರೆಗೆ ಏಳುತ್ತೇನೆ, 7.14ರ ಫಾಸ್ಟ್ ಲೋಕಲ್ ರೈಲು ಹಿಡಿಯುತ್ತೇನೆ. ಲೇಡೀಸ್ ಡಬ್ಬದಲ್ಲಿ ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳಿ ಯಾರದಾದರೂ ಸೀಟು ಹೇಳಿಟ್ಟುಕೊಂಡರೆ ಘಾಟ್ಕೋಪರಿನಿಂದ ದಾದರ್‌ವರೆಗೆ ಕುಳಿತುಕೊಳ್ಳುವ ಭಾಗ್ಯ. ಕಾಲೇಜು, ಕ್ಲಾಸು ಮುಗಿಸಿ ಮನೆ ಸೇರುವಾಗ ಸಂಜೆ ಆರು. ಒಂದು ಕೋಣೆ, ಒಂದು ಅಡುಗೆಮನೆ, ಐದು ಜನ. ಅಜ್ಜಿಯ ಧಾರಾವಾಹಿಗಳು ಮುಗಿಯುವುದು ರಾತ್ರಿ ಹತ್ತಕ್ಕೆ. ಆಮೇಲೆ ಅಡುಗೆಮನೆಯ ಕಟ್ಟೆಯ ಪಕ್ಕ ನನ್ನ ರಾಜ್ಯ.

ಹತ್ತಕ್ಕೆ ಕುಳಿತುಕೊಳ್ಳುವುದೇನೋ ನಿಜ. ಮೊದಲು ವೇಳಾಪಟ್ಟಿ ಸರಿಮಾಡುತ್ತೇನೆ. ಗಣೇಶ ಚೌತಿಯಿಂದ ಈಚೆಗೆ ನಾಲ್ಕು ವೇಳಾಪಟ್ಟಿ ಬರೆದಿದ್ದೇನೆ. ಕೊನೆಯದರಲ್ಲಿ ಐದು ಬಣ್ಣಗಳಿವೆ, ಗೋಡೆಗೆ ಅಂಟಿಸಿದರೆ ಕ್ಯಾಲೆಂಡರಿಗಿಂತ ಚೆಂದ. ಆಮೇಲೆ ಮೊಬೈಲಿನಲ್ಲಿ ‘ಒಂದೇ ಒಂದು’ ವಿಡಿಯೊ. ತಲೆ ಎತ್ತಿದರೆ ಹನ್ನೆರಡೂವರೆ. ಸರಿ, ನಾಳೆಯಿಂದ ಎಂದು ಮಲಗುತ್ತೇನೆ.

ಊರಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಥೆಯನ್ನು ಅಜ್ಜಿ ಹೇಳುತ್ತಾಳೆ. ದೆವ್ವ ಅದನ್ನು ಓದಿಕೊಂಡು ಹೋಗುತ್ತದಂತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ನನ್ನ ವಿಷಯದಲ್ಲಿ ಹೊರಗೆ ನಿಂತಿರುವುದು ಪುಸ್ತಕವೋ ನಾನೋ ಗೊತ್ತಾಗುತ್ತಿಲ್ಲ.

ಆಡಿಟ್ ಎರಡು ಸಲ ಓದಿದ್ದೇನೆ. ಎಫ್‌ಎಂ (ಹಣಕಾಸು ನಿರ್ವಹಣೆ) ಅರ್ಧ ಆಗಿದೆ. ಎಸ್‌ಎಂ (ಕಾರ್ಯತಂತ್ರ ನಿರ್ವಹಣೆ) ರೈಲಿನಲ್ಲಿ ಓದುತ್ತೇನೆ. ಸಮಯ ಸಾಲುತ್ತಿಲ್ಲ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಬೋರಿವಲಿ ಸ್ಲೋ, ಭಾನುವಾರ ರಾತ್ರಿ 11.58

ಪೊಮೊಡೊರೊ ಮಾಡಿ. 25 ನಿಮಿಷ ಓದು, 5 ನಿಮಿಷ ಬಿಡುವು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ, ತಾನು ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಶುರುಮಾಡಿದ ಕ್ರಮ. ಪೊಮೊಡೊರೊ ಎಂದರೆ ಅವರ ಭಾಷೆಯಲ್ಲಿ ಟೊಮೆಟೊ. ನನಗೆ ಎಂಜಿನಿಯರಿಂಗ್ ಪಾಸು ಮಾಡಿಸಿದ್ದು ಇದೇ.

ವಾಸ್ಕೊದ ಹುಡುಗ, ಸೋಮವಾರ ಬೆಳಿಗ್ಗೆ 6.50

ಮೊಬೈಲ್ ಬಗ್ಗೆ ನನ್ನ ಅನುಭವ. ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಎರಡು ದಿನ ಚೆನ್ನಾಗಿ ಓದಿದೆ. ಮೂರನೆಯ ದಿನ ಅಮ್ಮ ಅಕ್ಕಿ ಅಳೆಯುವಾಗ ಅದು ರಿಂಗಾಗಿ ಅವರು ಸೇರನ್ನೇ ಕೈಬಿಟ್ಟರು. ಈಗ ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯ ಅಣ್ಣನಿಗೆ ಕೊಟ್ಟುಬಿಡುತ್ತೇನೆ. ಕೇಳಲು ಹೋದರೆ ಅವರು ‘ಓದಿ ಆಯಿತಾ’ ಎಂದು ಕೇಳುತ್ತಾರೆ. ಆ ನಾಚಿಕೆಗೆ ಹೋಗುವುದಿಲ್ಲ.

ಇನ್ನೊಂದು ಮಾತು. ನಾನು ಕದಂಬ ಬಸ್ಸಿನಲ್ಲಿ ಓದಲು ಹೋಗಿ ಎರಡು ಸಲ ನನ್ನ ನಿಲ್ದಾಣವನ್ನೇ ದಾಟಿದ್ದೇನೆ. (ಗೋವಾ ಸರ್ಕಾರದ ಬಸ್ಸಿಗೆ ನಮ್ಮ ಬನವಾಸಿಯ ಕದಂಬರ ಹೆಸರು ಇದೆ ಎನ್ನುವುದು ಬೇರೆಯದೇ ಖುಷಿ.) ಪ್ರಯಾಣದಲ್ಲಿ ಓದಲೇಬೇಕು ಎಂದು ಹಟ ಮಾಡಬೇಡಿ ಅಕ್ಕ. ನಿದ್ದೆ ಬಂದರೆ ನಿದ್ದೆ ಮಾಡಿ.

ಜತ್ತದವನು (ಪುಣೆ), ಸೋಮವಾರ ಬೆಳಿಗ್ಗೆ 9.15

ನಾನು ಜತ್ತ ತಾಲೂಕಿನವನು. ಏಳನೆಯ ತನಕ ಕನ್ನಡ ಶಾಲೆ, ಆಮೇಲೆ ಮರಾಠಿ. ಸದಾಶಿವ ಪೇಟೆಯ ಅಭ್ಯಾಸಿಕೆಯಲ್ಲಿ ಎಂಪಿಎಸ್‌ಸಿಗೆ (ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ) ಓದುತ್ತ ಇದು ಮೂರನೆಯ ವರ್ಷ. ಪುಣೆಯ ಹೊರಗಿನವರಿಗಾಗಿ ಹೇಳುತ್ತೇನೆ: ಅಭ್ಯಾಸಿಕೆ ಎಂದರೆ ತಿಂಗಳ ಬಾಡಿಗೆಗೆ ಸಿಗುವ ಒಂದು ಕುರ್ಚಿ, ಮೇಜು, ತಲೆಯ ಮೇಲೆ ಫ್ಯಾನು, ಪಕ್ಕದಲ್ಲಿ ಪ್ಲಗ್. ಎರಡೂ ಬದಿಗೆ ಹಲಗೆ, ಎದುರಿಗೆ ಗೋಡೆ. ಗೋಡೆಯ ಮೇಲೆ ನಮಗಿಂತ ಮೊದಲು ಕುಳಿತವರು ಅಂಟಿಸಿದ ನಕ್ಷೆಯ ಅಂಟು.

ಮೊದಲ ವರ್ಷ ನಾನು ದಿನಕ್ಕೆ ಹದಿಮೂರು ಗಂಟೆ ಅಲ್ಲಿರುತ್ತಿದ್ದೆ. ಊರಿಗೆ ಫೋನು ಮಾಡಿದಾಗ ಹೆಮ್ಮೆಯಿಂದ ಹೇಳುತ್ತಿದ್ದೆ. ಪೂರ್ವಭಾವಿಯಲ್ಲೇ ಮುಗ್ಗರಿಸಿದೆ. ಬೇಸರದಲ್ಲಿ ಒಂದು ದಿನ ಚೀಟಿ ಇಟ್ಟುಕೊಂಡು ಕೂತೆ. ನಿಜವಾಗಿ ಓದಲು ಶುರುಮಾಡಿದ ಕ್ಷಣ ಒಂದು ಗೆರೆ, ತಲೆ ಎತ್ತಿದ ಕ್ಷಣ ಒಂದು ಗೆರೆ. ರಾತ್ರಿ ಕೂಡಿಸಿದರೆ ನಾಲ್ಕು ಗಂಟೆ ಹತ್ತು ನಿಮಿಷ. ಉಳಿದದ್ದು ಚಹಾ, ಯಾವ ಇಲಾಖೆಯ ಜಾಹೀರಾತು ಬರುತ್ತದೆ ಎಂಬ ಚರ್ಚೆ, ಪೆನ್ನಿನ ರೀಫಿಲ್, ಮತ್ತೆ ಚಹಾ. ನಮ್ಮಲ್ಲಿ ನಿಜವಾದ ಅಭ್ಯಾಸಿಕೆ ಚಹಾದ ಗಾಡಿಯೇ. ಮೇಲಿನದು ಚೀಲ ಇಡುವ ಜಾಗ.

ಅದಕ್ಕೇ ಹೇಳುತ್ತೇನೆ, ನಿಮಗೆ ಹತ್ತರಿಂದ ಹನ್ನೆರಡೂವರೆ ಸಿಗುತ್ತಿದೆಯಲ್ಲ, ಅದು ಕಡಿಮೆಯಲ್ಲ. ಒಂದು ವಾರ ಬಣ್ಣದ ಪಟ್ಟಿ ಬಿಟ್ಟು ಗೆರೆ ಎಳೆಯಿರಿ. ಆಗಬೇಕಾದ್ದನ್ನು ಬರೆಯಬೇಡಿ, ಆದದ್ದನ್ನು ಬರೆಯಿರಿ. ಮೊದಲ ಮೂರು ದಿನ ಅಳು ಬರುತ್ತದೆ.

ಬೋರಿವಲಿಯವರಿಗೆ: ಟೊಮೆಟೊ ಗಡಿಯಾರ ಓದಿಗೆ ಸರಿ, ಲೆಕ್ಕಕ್ಕೆ ಅಲ್ಲ. ಲೆಕ್ಕದ ನಡುವೆ ಗಂಟೆ ಬಾರಿಸಿದರೆ ಬಿಡುವು ಮುಗಿಸಿ ಬರುವಾಗ ಎಲ್ಲಿದ್ದೆ ಎಂಬುದೇ ಮರೆತಿರುತ್ತದೆ.

ರಾತ್ರಿಶಾಲೆಯವ (ಸಯಾನ್), ಸೋಮವಾರ ಮಧ್ಯಾಹ್ನ 3.05

ಮಗಳೇ, ನಾನು 1974ರಲ್ಲಿ ಕುಂದಾಪುರದ ಕಡೆಯಿಂದ ಬಂದವನು. ವಯಸ್ಸು ಹದಿನಾಲ್ಕು. ಮುಂಬೈಯ ಕೋಟೆ (ಫೋರ್ಟ್) ಭಾಗದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಶುರು. ಸಂಜೆ ಆರೂವರೆಗೆ ಕನ್ನಡ ರಾತ್ರಿಶಾಲೆ, ಒಂಬತ್ತೂವರೆಯ ತನಕ. ಮಲಗುವುದು ಮೇಜುಗಳ ಮೇಲೆ. ಗಿರಾಕಿ ಎಲ್ಲ ಹೋಗಿ ನೆಲ ತೊಳೆದ ಮೇಲೆ. ನಾಳೆ ಎಂದು ಹೇಳಲು ನಮಗೆ ನಾಳೆಯೇ ಇರಲಿಲ್ಲ. ‘ನಾಳೆ ಎಂದವನ ಮನೆ ಹಾಳು’ ಎಂದು ಮಾಸ್ತರರು ಹೇಳುತ್ತಿದ್ದರು. ಇಂದಿನ ಮಕ್ಕಳಿಗೆ ಫ್ಯಾನು, ಮೇಜು, ಮೊಬೈಲು ಎಲ್ಲ ಇದೆ. ಇಲ್ಲದ್ದು ಹಸಿವು.

ವರ್ಲಿಯ ಅಮ್ಮ, ಸೋಮವಾರ ಸಂಜೆ 5.30

ಹಿರಿಯರೇ, ತಪ್ಪು ತಿಳಿಯಬೇಡಿ. ನೀವು ಓದಿ ಮೇಲೆ ಬಂದಿರಿ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೀರಿ. ನಿಮ್ಮ ಜೊತೆ ಮೇಜಿನ ಮೇಲೆ ಮಲಗಿದ ಉಳಿದ ಹುಡುಗರು ಎಲ್ಲಿದ್ದಾರೆ? ಕಷ್ಟವೇ ಓದಿಸುವುದಾದರೆ ಈ ಊರಿನಲ್ಲಿ ಎಲ್ಲರೂ ಪದವೀಧರರಾಗಿರಬೇಕಿತ್ತು.

ನಾನು ಬೆಳೆದದ್ದು ಬಿಡಿಡಿ ಚಾಳು ಎಂಬ ಹಳೆಯ ವಠಾರದಲ್ಲಿ. 160 ಚದರ ಅಡಿಯ ಕೋಣೆಯಲ್ಲಿ ಒಂಬತ್ತು ಜನ. ನನ್ನ ಅಣ್ಣಂದಿರು ಓದಿದ್ದು ವರ್ಲಿಯ ಅಭ್ಯಾಸ ಗಲ್ಲಿಯಲ್ಲಿ. ಹಲಗೆಯ ಮೇಲಿನ ಹೆಸರು ಸುದಾಮ ಕಾಳು ಅಹಿರೆ ಮಾರ್ಗ, ಆದರೆ ಆ ಹೆಸರು ಹೇಳಿದರೆ ಟ್ಯಾಕ್ಸಿಯವನಿಗೂ ಗೊತ್ತಾಗುವುದಿಲ್ಲ. ಬೀದಿದೀಪದ ಕೆಳಗೆ ಕುಳಿತು, ನಡೆಯುತ್ತ ಬಾಯಿಪಾಠ ಮಾಡುತ್ತ ಓದುವ ಬೀದಿ ಅದು. ಅಣ್ಣ ಹೇಳುತ್ತಿದ್ದ: ಅಲ್ಲಿಗೆ ಹೋದರೆ ಓದಲೇಬೇಕು, ಯಾಕೆಂದರೆ ಅಲ್ಲಿ ಮಾಡಲು ಬೇರೇನೂ ಇಲ್ಲ, ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ. ನನ್ನನ್ನು ರಾತ್ರಿ ಹೊತ್ತು ಅಲ್ಲಿಗೆ ಕಳುಹಿಸುತ್ತಿರಲಿಲ್ಲ, ಅದೂ ನೆನಪಿದೆ.

ಆದ್ದರಿಂದ ಮಗಳೇ, ಸಂಜೆ ಕ್ಲಾಸು ಮುಗಿದ ಮೇಲೆ ಅಲ್ಲೇ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಗಂಟೆ ಕುಳಿತು ಬರಲು ಆಗುತ್ತದೆಯೇ ನೋಡು. ಮನೆಯಲ್ಲಿ ಆಗದಿದ್ದರೆ ಅದು ನಿನ್ನ ಗುಣದ ದೋಷವಲ್ಲ.

ರಾತ್ರಿಶಾಲೆಯವ, ಸೋಮವಾರ ರಾತ್ರಿ 8.20

ವರ್ಲಿಯ ತಂಗಿ ಕೇಳಿದ್ದು ಸರಿ. ಕುಳಿತು ಲೆಕ್ಕ ಹಾಕಿದೆ. ನಮ್ಮ ಹೋಟೆಲಿನಿಂದ ರಾತ್ರಿಶಾಲೆಗೆ ಹೋಗುತ್ತಿದ್ದವರು ಹನ್ನೊಂದು ಹುಡುಗರು. ಎಸ್‌ಎಸ್‌ಸಿ (ಮೆಟ್ರಿಕ್) ಮುಗಿಸಿದವರು ಮೂವರು. ಒಬ್ಬ ಪಾಠದ ನಡುವೆ ನಿದ್ದೆ ಹೋಗಿ ಬೆಂಚಿನಿಂದ ಬೀಳುತ್ತಿದ್ದ, ಅವನೇ ನಮ್ಮೆಲ್ಲರಿಗಿಂತ ಬುದ್ಧಿವಂತ. ಹಸಿವಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೆ ಹೋಟೆಲಿನಿಂದ ಕಲಿತ ಒಂದು ವಿಷಯ ಹೇಳಿಯೇ ಬಿಡುತ್ತೇನೆ. ಮಧ್ಯಾಹ್ನ ಉದ್ದು, ಅಕ್ಕಿ ನೆನೆಹಾಕಿ ಸಂಜೆ ರುಬ್ಬಿಟ್ಟರೆ ಮಾತ್ರ ಬೆಳಿಗ್ಗೆ ನಾಲ್ಕಕ್ಕೆ ಹಿಟ್ಟು ಉಬ್ಬಿರುತ್ತದೆ. ಬೆಳಿಗ್ಗೆ ಎದ್ದು ‘ಇಂದು ಇಡ್ಲಿ ಮಾಡೋಣವೇ’ ಎಂದು ಯೋಚಿಸುವ ಪ್ರಶ್ನೆಯೇ ಇಲ್ಲ, ಪಾತ್ರೆ ಮುಚ್ಚಳ ಎತ್ತಿಕೊಂಡು ಕಾಯುತ್ತಿರುತ್ತದೆ. ನಾನು ಓದಿಗೂ ಅದನ್ನೇ ಮಾಡುತ್ತಿದ್ದೆ. ರಾತ್ರಿ ಮಲಗುವಾಗ ಮರುದಿನದ ಲೆಕ್ಕದ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕೊಟ್ಟ ಸಂಖ್ಯೆಗಳನ್ನಷ್ಟೇ ಕೆಳಗಿಳಿಸಿ, ಪೆನ್ಸಿಲ್ ಅದರೊಳಗೇ ಬಿಟ್ಟು ಮುಚ್ಚುತ್ತಿದ್ದೆ. ಮರುದಿನ ತೆರೆದರೆ ಖಾಲಿ ಹಾಳೆ ಇರುವುದಿಲ್ಲ. ಖಾಲಿ ಹಾಳೆಯಷ್ಟು ಹೆದರಿಸುವುದು ಬೇರೊಂದಿಲ್ಲ.

ಮುಲುಂಡಿನ ಲೆಕ್ಕಿಗ, ಸೋಮವಾರ ರಾತ್ರಿ 10.45

ನಾನು ಸಿಎ. ಇಂಟರ್ ಮೂರನೆಯ ಸಲಕ್ಕೆ ಪಾಸಾದವನು, ಹಾಗಾಗಿ ಸ್ವಲ್ಪ ಅಧಿಕಾರದಿಂದ ಕೇಳುತ್ತೇನೆ.

ತಂಗಿ, ಎರಡನೆಯ ಗ್ರೂಪಿನಲ್ಲಿ ಮೂರು ಪೇಪರ್. ಆಡಿಟ್ ಒಂದು. ಎಫ್‌ಎಂ, ಎಸ್‌ಎಂ ಎರಡೂ ಸೇರಿ ಇನ್ನೊಂದು. ನೀನು ಅಷ್ಟುದ್ದ ಬರೆದಿರುವೆ, ಅಜ್ಜಿಯ ಧಾರಾವಾಹಿಯೂ ಬಂದಿದೆ. ಉಳಿದ ಇನ್ನೊಂದು ಪೇಪರಿನ ಹೆಸರೇ ಇಲ್ಲವಲ್ಲ? ಕಾಸ್ಟಿಂಗ್ (ವೆಚ್ಚದ ಲೆಕ್ಕ) ಎಲ್ಲಿ?

7.14ರ ಲೋಕಲ್, ಮಂಗಳವಾರ ಬೆಳಿಗ್ಗೆ 7.31

ಅಣ್ಣ, ಈ ಪ್ರಶ್ನೆಯನ್ನು ದಿವಾ ದಾಟುವಾಗ ಓದಿದೆ. ಮುಂಬ್ರಾದ ಹತ್ತಿರ ನೆಟ್‌ವರ್ಕ್ ಹೋಯಿತು, ಅಷ್ಟು ಹೊತ್ತು ಉತ್ತರ ಕೊಡುವುದು ತಪ್ಪಿತು ಎಂದು ಸಮಾಧಾನವಾಯಿತು. ಅದೇ ಉತ್ತರ ಎಂದುಕೊಳ್ಳಿ.

ಮೇ ತಿಂಗಳಲ್ಲಿ ಕಾಸ್ಟಿಂಗ್‌ನಲ್ಲಿ 36 ಬಂದಿತ್ತು. ನಾಲ್ಕು ಅಂಕ. ಫಲಿತಾಂಶ ಬಂದ ದಿನ ಆ ಪುಸ್ತಕವನ್ನು ಅಲಮಾರಿಯ ಮೇಲೆ, ಗಣಪತಿಯ ಅಲಂಕಾರದ ಥರ್ಮೊಕೋಲ್ ಡಬ್ಬಿಯ ಹಿಂದೆ ಇಟ್ಟೆ. ಚೌತಿಗೆ ಡಬ್ಬಿ ತೆಗೆಯುವಾಗ ಅದು ಕಂಡಿತು. ಮತ್ತೆ ಅಲ್ಲೇ ಇಟ್ಟೆ.

ಪಾಠ ಮಾಡುವವಳು (ಕೊಥ್ರೂಡ್), ಮಂಗಳವಾರ ಮಧ್ಯಾಹ್ನ 1.10

ಮನಶ್ಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ಬಾಯಿ ಹಾಕುತ್ತಿದ್ದೇನೆ. ಮುಂದೂಡುವ ಅಭ್ಯಾಸದ ಮೇಲೆ ಬಹಳ ವರ್ಷ ಕೆಲಸ ಮಾಡಿದ ತಿಮೊತಿ ಪಿಚಿಲ್, ಫ್ಯೂಶಾ ಸಿರೋಯಿಸ್ ಇಬ್ಬರೂ 2013ರ ಒಂದು ಲೇಖನದಲ್ಲಿ ವಾದಿಸಿದ್ದು ಇದನ್ನೇ: ಇದರ ಬೇರು ಗಡಿಯಾರದಲ್ಲಿಲ್ಲ. ಕೆಲಸ ನೆನೆದಾಗ ಹುಟ್ಟುವ ಕಸಿವಿಸಿಯನ್ನು ಆ ಕ್ಷಣಕ್ಕೆ ತಪ್ಪಿಸಿಕೊಳ್ಳಲು ನಾವು ಎದ್ದು ಹೋಗುತ್ತೇವೆ. ತಕ್ಷಣ ಹಗುರವಾಗುತ್ತದೆ, ಅದರಿಂದಲೇ ಅಭ್ಯಾಸ ಗಟ್ಟಿಯಾಗುತ್ತದೆ. ನೆಟ್‌ವರ್ಕ್ ಹೋದಾಗಿನ ನಿಮ್ಮ ಸಮಾಧಾನವನ್ನು ತರಗತಿಯಲ್ಲಿ ಉದಾಹರಣೆಯಾಗಿ ಹೇಳಬಹುದು, ಅನುಮತಿ ಇದ್ದರೆ.

ಐದು ಬಣ್ಣದ ವೇಳಾಪಟ್ಟಿಯೂ ಅದೇ ಜಾತಿಯದು. ಓದಿದಷ್ಟೇ ತೃಪ್ತಿ, ಓದಿನ ಕಸಿವಿಸಿ ಇಲ್ಲ. ಜೊತೆಗೆ, ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಅಂದಾಜಿಸುವಾಗ ಮನುಷ್ಯರು ಕಡಿಮೆಯೇ ಹೇಳುತ್ತಾರೆ. ಕಾನೆಮನ್, ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಹೆಸರು ಕೊಟ್ಟರು. ಹಾಗಾಗಿ ಪಟ್ಟಿ ಎರಡನೆಯ ದಿನವೇ ಹಳ್ಳ ಹಿಡಿಯುತ್ತದೆ, ಮತ್ತೊಂದು ಬರೆಯಲು ನೆಪ ಸಿಗುತ್ತದೆ.

ಸೆಪ್ಟೆಂಬರ್ ವಿಷಯ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ನನ್ನ ಅಪ್ಪ ಇದನ್ನು ಕೇಳಿದ್ದರೆ ‘ಬೆತ್ತ ಯಾಕೆ ಇರುವುದು’ ಎನ್ನುತ್ತಿದ್ದರು. ನೀವು ಬೈಸಿಕೊಳ್ಳಲು ಕಾಯುವುದನ್ನು ಬಿಡಿ, ಅಷ್ಟು ಸಾಕು.

ಇನ್ನು, ‘ರಾತ್ರಿ ಓದುತ್ತೇನೆ’ ಎಂಬ ನಿರ್ಧಾರ ಗಾಳಿಯಲ್ಲಿ ತೇಲುತ್ತದೆ. ‘ಅಜ್ಜಿ ಟಿವಿ ಆರಿಸಿದ ಕೂಡಲೇ ನೀಲಿ ನೋಟ್‌ಬುಕ್ ತೆರೆದು ದಿನಾಂಕ ಹಾಕುತ್ತೇನೆ’ ಎಂದುಕೊಳ್ಳಿ. ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ ಎಂಬ ಕಟ್ಟುಪಾಡು. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಮೇಲೆ ದಶಕಗಳ ಕಾಲ ಪ್ರಯೋಗ ಮಾಡಿದ್ದಾರೆ. ಸಯಾನಿನ ಹಿರಿಯರ ಪೆನ್ಸಿಲ್ ಜೊತೆ ಸೇರಿಸಿದರೆ ಇನ್ನೂ ಒಳ್ಳೆಯದು.

ಬೋರಿವಲಿ ಸ್ಲೋ, ಮಂಗಳವಾರ ಮಧ್ಯಾಹ್ನ 1.32

ನನ್ನ ಟೊಮೆಟೊವನ್ನು ಯಾರೂ ಮುಟ್ಟಲಿಲ್ಲ. ಇರಲಿ.

ಮುಲುಂಡಿನ ಲೆಕ್ಕಿಗ, ಮಂಗಳವಾರ ರಾತ್ರಿ 9.50

ತಂಗಿ, ಹಣ ಕಟ್ಟಿ ಪರೀಕ್ಷೆಗೆ ಹೋಗದವರು ನಮ್ಮ ಲೈನಿನಲ್ಲಿ ನೀನೊಬ್ಬಳೇ ಅಲ್ಲ, ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟಿನಲ್ಲಿ 150 ಬೇಕು. 36 ಎಂದರೆ ವಿಷಯ ಬರುವುದಿಲ್ಲ ಎಂದಲ್ಲ. ಬಾಗಿಲವರೆಗೆ ಹೋಗಿ ಚಪ್ಪಲಿ ಬಿಟ್ಟು ಬಂದಿದ್ದೀಯ.

ಪ್ರೊಸೆಸ್ ಕಾಸ್ಟಿಂಗ್ (ಹಂತಹಂತವಾಗಿ ತಯಾರಾಗುವ ಮಾಲಿನ ವೆಚ್ಚ) ಅರ್ಥವಾಗದೆ ನಿಂತಿರಬೇಕು, ಬಹಳ ಜನ ಅಲ್ಲೇ ನಿಲ್ಲುತ್ತಾರೆ. ಪುಸ್ತಕ ಇಳಿಸುವ ಮೊದಲು ಅಪ್ಪನ ಕ್ಯಾಂಟೀನ್ ನೆನೆಸಿಕೊ. 100 ದೋಸೆಗೆ ಆಗುವಷ್ಟು ಹಿಟ್ಟು. ಹಿಟ್ಟು, ಗ್ಯಾಸು, ಕೂಲಿ ಎಲ್ಲ ಸೇರಿ 1,900 ರೂಪಾಯಿ ಎಂದಿಟ್ಟುಕೊ. ಕಾವಲಿ ಕಾದು ಹದಕ್ಕೆ ಬರುವ ತನಕ ಐದು ದೋಸೆ ಕೆಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದು ನಾರ್ಮಲ್ ಲಾಸ್. ಅದರ ಭಾರವನ್ನು ಉಳಿದ 95 ಹೊರುತ್ತವೆ: 1,900 ಭಾಗಿಸು 95, ಒಂದು ದೋಸೆಗೆ 20 ರೂಪಾಯಿ. ಈಗ ಹುಡುಗ ಕಾಲು ಜಾರಿ ಹತ್ತು ದೋಸೆಯ ತಟ್ಟೆ ಬೀಳಿಸಿದ. ಉಳಿದದ್ದು 85. ಹಾಗೆಂದು ದೋಸೆಯ ವೆಚ್ಚ ಏರಿಸುತ್ತೀಯಾ? ಇಲ್ಲ, ಅದು 20ರಲ್ಲೇ ಇರುತ್ತದೆ. ಬಿದ್ದ ಹತ್ತರ 200 ರೂಪಾಯಿ ಬೇರೆಯಾಗಿ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಅಬ್‌ನಾರ್ಮಲ್ ಲಾಸ್. ಅಷ್ಟೇ.

ಹೊತ್ತಿನ ಲೆಕ್ಕವೂ ಕೇಳು. 180 ನಿಮಿಷಕ್ಕೆ 100 ಅಂಕ, ಅಂದರೆ 10 ಅಂಕದ ಲೆಕ್ಕಕ್ಕೆ 18 ನಿಮಿಷ. ದಿನಕ್ಕೆ ಅಂಥ ಒಂದೇ ಲೆಕ್ಕ ಮಾಡು. ಮುಗಿದರೆ ನಿಲ್ಲಿಸು. ಪ್ರತಿ ಶನಿವಾರ ರಾತ್ರಿ ಆ ವಾರದ ಒಂದು ಹಾಳೆಯ ಚಿತ್ರ ಇಲ್ಲಿ ಹಾಕು, ನಾನು ಕೆಂಪು ಪೆನ್ನು ಹಿಡಿಯುತ್ತೇನೆ.

ರಾತ್ರಿಶಾಲೆಯವ, ಮಂಗಳವಾರ ರಾತ್ರಿ 10.15

ಐದು ದೋಸೆ ಕೆಡುವುದೇ? ಎಂಥ ಭಟ್ಟ ಅವನು! ನಮ್ಮಲ್ಲಿ ಎರಡು ಕೆಟ್ಟರೆ ಧಣಿ ಅಡುಗೆಮನೆಗೇ ಬರುತ್ತಿದ್ದರು.

ಮುಲುಂಡಿನ ಲೆಕ್ಕಿಗ, ಮಂಗಳವಾರ ರಾತ್ರಿ 10.18

ಹಿರಿಯರೇ, ಭಾಗಾಕಾರ ಸಲೀಸಾಗಲಿ ಎಂದು ಹಾಗೆ ಹೇಳಿದೆ. ಅಂದ ಹಾಗೆ, ನಿಮ್ಮ ಮೂರು ದೋಸೆಯ ಉಳಿತಾಯಕ್ಕೂ ನಮ್ಮಲ್ಲಿ ಹೆಸರಿದೆ, ಅಬ್‌ನಾರ್ಮಲ್ ಗೇನ್.

7.14ರ ಲೋಕಲ್, ಹದಿನೈದು ದಿನಗಳ ನಂತರ, ಬುಧವಾರ ಬೆಳಿಗ್ಗೆ 7.20

ಬರೆಯಲು ತಡವಾಯಿತು, ಕ್ಷಮಿಸಿ. (ನಗಬೇಡಿ.)

ಪುಸ್ತಕ ಕೆಳಗಿಳಿಯಿತು. ದಿನಕ್ಕೊಂದು ಲೆಕ್ಕ ಶುರುಮಾಡಿ ಇಂದಿಗೆ ಹದಿನಾಲ್ಕು ದಿನ, ಲೆಕ್ಕ ಆದದ್ದು ಹತ್ತು ದಿನ. ಉಳಿದ ನಾಲ್ಕರಲ್ಲಿ ಎರಡು ದಿನ ಕಾಲೇಜಿನ ಪರೀಕ್ಷೆ, ಒಂದು ದಿನ ಜ್ವರ, ಒಂದು ದಿನ ಸುಮ್ಮನೆ ಮಾಡಲಿಲ್ಲ. ಸುಮ್ಮನೆ ಮಾಡದ ದಿನಕ್ಕೂ ಗೆರೆ ಎಳೆದಿದ್ದೇನೆ. ಜತ್ತದ ಅಣ್ಣ ಹೇಳಿದಂತೆ ಅಳು ಬಂದದ್ದು ಮೂರಲ್ಲ, ಐದು ದಿನ. ಲೈಬ್ರರಿ ಎರಡು ಸಲ ಮಾತ್ರ ಆಯಿತು, ಆರು ಗಂಟೆಯ ಮೇಲಿನ ರೈಲಿನ ಗರ್ದಿಯಲ್ಲಿ ನಿಲ್ಲಲಾಗದೆ ಬಿಟ್ಟೆ. ಬಣ್ಣದ ಪೆನ್ನುಗಳನ್ನು ತಮ್ಮನಿಗೆ ಕೊಟ್ಟೆ. ಕಾಸ್ಟಿಂಗ್ ಹಿಂದೆ ಬಿದ್ದು ಆಡಿಟ್ ಮುಟ್ಟಿಯೇ ಇಲ್ಲ, ಅದೊಂದು ಹೊಸ ತಲೆನೋವು.

ದೋಸೆ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆ ಪೂರ್ತಿ ಓದಿ, ‘ತೆಂಗಿನಕಾಯಿ ಎಲ್ಲಿ ಹಿಡಿದಿದ್ದೀಯ’ ಎಂದು ಕೇಳಿದರು. ಸೆಪ್ಟೆಂಬರಿನ ನಂತರ ಓದಿನ ಬಗ್ಗೆ ಅವರು ಆಡಿದ ಮೊದಲ ಮಾತು.

ಲೆಕ್ಕಿಗ ಅಣ್ಣ, ಈಗ ಈಕ್ವಿವಲೆಂಟ್ ಯೂನಿಟ್ಸ್‌ನಲ್ಲಿ (ಅರೆಬರೆ ಮಾಲನ್ನು ಪೂರ್ಣ ಮಾಲಿನ ಲೆಕ್ಕಕ್ಕೆ ತರುವುದರಲ್ಲಿ) ನಿಂತಿದ್ದೇನೆ. ಪ್ರಶ್ನೆಯಲ್ಲಿ ಯಾವ ವಿಧಾನ ಎಂದು ಹೇಳದಿದ್ದರೆ ಫಿಫೊ (ಮೊದಲು ಬಂದದ್ದು ಮೊದಲು) ಮಾಡಬೇಕೋ ಸರಾಸರಿಯೋ?

ಮುಲುಂಡಿನ ಲೆಕ್ಕಿಗ, ಬುಧವಾರ ಬೆಳಿಗ್ಗೆ 7.41

ಆರಂಭದ ಅರೆಬರೆ ಮಾಲನ್ನು ನೋಡು. ಅದು ಎಷ್ಟು ಶೇಕಡಾ ಪೂರ್ಣವಾಗಿದೆ ಎಂದು ಕೊಟ್ಟಿದ್ದರೆ ಫಿಫೊ. ಅದನ್ನು ಕೊಡದೆ ಸಾಮಗ್ರಿಗೆ ಇಷ್ಟು, ಕೂಲಿಗೆ ಇಷ್ಟು ಎಂದು ವೆಚ್ಚವನ್ನು ಬಿಡಿಸಿ ಕೊಟ್ಟಿದ್ದರೆ ಸರಾಸರಿ. ಯಾವುದನ್ನು ಹಿಡಿದೆ ಎಂದು ಉತ್ತರದ ಮೇಲೆ ಒಂದು ಸಾಲು ಬರೆದುಬಿಡು. ಆಡಿಟ್ ಬಗ್ಗೆ ಶನಿವಾರ ಮಾತನಾಡೋಣ.

7.14ರ ಲೋಕಲ್, ಬುಧವಾರ ಬೆಳಿಗ್ಗೆ 7.46

ಗೊತ್ತಾಯಿತು ಅಣ್ಣ. ನಿನ್ನೆಯದರಲ್ಲಿ ಶೇಕಡಾ 60 ಎಂದು ಕೊಟ್ಟಿತ್ತು, ನಾನು ಸರಾಸರಿ ಮಾಡಿ ಉತ್ತರ ತಾಳೆಯಾಗದೆ ಕೂತಿದ್ದೆ. ಘಾಟ್ಕೋಪರ್ ಬಂತು, ಸೀಟು ಸಿಕ್ಕಿದೆ, ಮಾಡಿ ನೋಡುತ್ತೇನೆ.